ಕೇಬಲ್ ಕಟ್ಟಾದ ರಾತ್ರಿ ಯಾರ ಫೋನ್ ಬರುತ್ತೆ?

(ಆಟದ ಬಗ್ಗೆ ಓದುಗರ ಪ್ರಶ್ನೆಗಳು. ಉತ್ತರ ಹೇಳುವವರು ಅರಸೀಕೆರೆಯಲ್ಲಿ 26 ವರ್ಷದಿಂದ ಕೇಬಲ್ ಟಿವಿ ನಡೆಸುತ್ತಿರುವ ನಮ್ಮ ಅಂಕಣಕಾರರು.)

ಪ್ರಶ್ನೆ: ಸರ್, ನಮ್ಮ ಹಾಸ್ಟೆಲ್ ರೂಮಿನಲ್ಲಿ ನಾವು ಮೂವರು. ನಾನು ಐಪಿಎಲ್ ಕಡೆ. ಪುತ್ತೂರಿನವನು ಪ್ರೊ ಕಬಡ್ಡಿ ಅಂತಾನೆ. ಬೆಂಗಳೂರು ಗೌತಮಪುರದವನಿಗೆ ಫುಟ್‌ಬಾಲ್ ಬಿಟ್ಟರೆ ಬೇರೆ ಆಟವೇ ಇಲ್ಲ, ಐಎಸ್‌ಎಲ್ ಅಂತಾನೆ. ನಿಜವಾಗಿ ಜನಕ್ಕೆ ಜಾಸ್ತಿ ಇಷ್ಟ ಯಾವುದು? ನೀವು ಹೇಳಿದ್ದನ್ನು ಮೂವರೂ ಒಪ್ಪಬೇಕು ಅಂತ ಮಾತಾಗಿದೆ.
— ಡಿಗ್ರಿ ವಿದ್ಯಾರ್ಥಿ, ತುಮಕೂರು

ಉತ್ತರ: ಹಾಗಾದರೆ ನನ್ನ ಅಳತೆ ಯಾವುದು ಅಂತ ಮೊದಲೇ ಹೇಳಿಬಿಡ್ತೀನಿ. ಟಿಆರ್‌ಪಿ ಅಲ್ಲ, ನನ್ನ ಫೋನ್. ಆಟ ನಡೆಯುವಾಗ ಲೈನ್ ಕಟ್ಟಾದರೆ ಯಾರು ಫೋನ್ ಮಾಡ್ತಾರೆ, ಎಷ್ಟು ಬೇಗ ಮಾಡ್ತಾರೆ, ಏನು ಕೇಳ್ತಾರೆ. ಇಷ್ಟು ಗಮನಿಸಿದರೆ ಯಾವ ಆಟ ಯಾರ ಮನೆ ಒಳಗೆ ಎಲ್ಲಿವರೆಗೆ ಹೋಗಿದೆ ಅಂತ ಗೊತ್ತಾಗುತ್ತೆ.

ಐಪಿಎಲ್ ದಿನ ಲೈನ್ ಹೋದರೆ ಒಂದು ಓವರ್ ಮುಗಿಯೋದರೊಳಗೆ ನನ್ನ ಎರಡೂ ಫೋನ್ ಒಟ್ಟಿಗೆ ಹೊಡ್ಕೊಳ್ಳುತ್ತವೆ. ಮೊದಲು ಹುಡುಗರು. "ಅಣ್ಣಾ, ಬೇಗ ಅಣ್ಣಾ, ಇನ್ನು ಎರಡೇ ಓವರ್ ಇರೋದು!" ಆಮೇಲೆ ಅವರ ಅಪ್ಪಂದಿರು. ಆಮೇಲೆ ಸಲೂನ್, ಬೇಕರಿ, ಬಸ್ ಸ್ಟ್ಯಾಂಡಿನ ಟೀ ಅಂಗಡಿ. ಸಂಖ್ಯೆಯ ಮಾತು ಬಂದರೆ ಐಪಿಎಲ್ ಹತ್ತಿರಕ್ಕೂ ಯಾವುದೂ ಬರಲ್ಲ. ನಿಮ್ಮ ರೂಮಿನ ಜಗಳದಲ್ಲಿ ಅಷ್ಟರ ಮಟ್ಟಿಗೆ ನೀವೇ ಗೆದ್ದಿರಿ.

ಆದರೆ ಶುರುವಿನಲ್ಲಿ ಹೀಗಿರಲಿಲ್ಲ. 2008ರ ಏಪ್ರಿಲ್ 18. ಮೊದಲ ಪಂದ್ಯ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ. ಕೋಲ್ಕತ್ತದ ಮೆಕಲಮ್ 73 ಬಾಲಿಗೆ 158 ಹೊಡೆದು ಔಟಾಗದೆ ಉಳಿದ. ನಮ್ಮ ಆರ್‌ಸಿಬಿ 82ಕ್ಕೆ ಆಲೌಟ್. ನಮ್ಮ ಬ್ಯಾಟ್ಸ್‌ಮನ್ನುಗಳಲ್ಲಿ ಒಬ್ಬರಿಗೂ ಇಪ್ಪತ್ತು ರನ್ ಬರಲಿಲ್ಲ. ಎಲ್ಲರಿಗಿಂತ ಜಾಸ್ತಿ ಬಂದಿದ್ದು ಎಕ್ಸ್‌ಟ್ರಾ, 19. ಅವತ್ತು ಬಂದ ಫೋನ್‌ಗಳಲ್ಲಿ ಕೇಳಿದ್ದು ಒಂದೇ: "ಇದು ಇಂಡಿಯಾ ಮ್ಯಾಚಾ? ದ್ರಾವಿಡ್ ಯಾವ ಕಡೆ?" ತಂಡ ಅನ್ನೋದು ಊರಿಗೆ ಸೇರಿದ್ದು ಅಂತ ಜನಕ್ಕೆ ಅನ್ನಿಸೋಕೆ ಮೂರು ನಾಲ್ಕು ವರ್ಷ ಹಿಡೀತು. ಒಂದು ಸಲ ಅನ್ನಿಸಿದ ಮೇಲೆ ಬಿಡಲಿಲ್ಲ. 2009, 2011, 2016 ಮೂರೂ ಫೈನಲ್ ಸೋತರು. 2013ರ ಏಪ್ರಿಲ್ 23ಕ್ಕೆ ಗೇಲ್ 175 ಹೊಡೆದು ತಂಡ 263 ಮುಟ್ಟಿತು. ನಾಲ್ಕು ವರ್ಷ ಬಿಟ್ಟು ಅದೇ ಏಪ್ರಿಲ್ 23ಕ್ಕೆ 49ಕ್ಕೆ ಆಲೌಟ್. ಎರಡೂ ದಿನ ನಾನು ಕಂಟ್ರೋಲ್ ರೂಮಿನಲ್ಲೇ ಇದ್ದೆ. 49ರ ದಿನವೂ ಯಾರೂ ಚಾನೆಲ್ ಬದಲಾಯಿಸಲಿಲ್ಲ ನೋಡಿ. ಚಿತ್ರ ಸ್ವಲ್ಪ ಅಲ್ಲಾಡಿದ್ದಕ್ಕೇ ಹನ್ನೊಂದು ಜನ ಫೋನ್ ಮಾಡಿದ್ದರು.

ಪುತ್ತೂರಿನ ಹುಡುಗನಿಗೆ ಹೇಳಿ: ಕಬಡ್ಡಿಗೆ ಬರೋ ಫೋನ್ ಕಡಿಮೆ. ಆದರೆ ಮಾಡೋರೇ ಬೇರೆ. ಅದನ್ನು ಮುಂದಿನ ಉತ್ತರದಲ್ಲಿ ಹೇಳ್ತೀನಿ.

ಪ್ರಶ್ನೆ: ನಮ್ಮ ಅತ್ತೆಗೆ 74 ವರ್ಷ. ಕ್ರಿಕೆಟ್ ಹಾಕಿದರೆ ಎದ್ದು ಹೋಗುತ್ತಾರೆ. ಕಬಡ್ಡಿ ಹಾಕಿದರೆ ರಾತ್ರಿ ಹತ್ತಾದರೂ ಊಟಕ್ಕೆ ಏಳುವುದಿಲ್ಲ. ಇದೇನು ಮಾಯೆ?
— ಗೃಹಿಣಿ, ದಾವಣಗೆರೆ

ಉತ್ತರ: ನಿಮ್ಮ ಅತ್ತೆಯಂಥವರು ನಮ್ಮ ಊರಲ್ಲೂ ತುಂಬಾ ಜನ ಇದ್ದಾರಮ್ಮ. ನನಗೆ ಅವರ ಮೇಲೆ ಬಹಳ ಗೌರವ.

ಮಾಯೆ ಏನಿಲ್ಲ, ಆಟವನ್ನು ಹಾಗೆ ಕಟ್ಟಿದ್ದಾರೆ. 2014ರ ಜುಲೈ 26ಕ್ಕೆ ಪ್ರೊ ಕಬಡ್ಡಿ ಶುರುವಾಯಿತು. ಒಂದು ರೈಡಿಗೆ 30 ಸೆಕೆಂಡ್. ಒಂದು ತಂಡದ ರೈಡು ಸತತ ಎರಡು ಸಲ ಖಾಲಿ ಹೋದರೆ ಮೂರನೇ ಸಲ ಹೋದವನು ಪಾಯಿಂಟ್ ತರಲೇಬೇಕು, ಇಲ್ಲದಿದ್ದರೆ ಅವನೇ ಔಟ್. ಅದೇ ಡೂ ಆರ್ ಡೈ. ಅಂಗಳದಲ್ಲಿ ಮೂರೋ ಅದಕ್ಕಿಂತ ಕಡಿಮೆಯೋ ಜನ ಉಳಿದು ರೈಡರನ್ನು ಹಿಡಿದರೆ ಅವರಿಗೆ ಒಂದು ಪಾಯಿಂಟ್ ಜಾಸ್ತಿ, ಅದು ಸೂಪರ್ ಟ್ಯಾಕಲ್. ಕಡಿಮೆ ಜನ ಇರೋ ಕಡೆಗೆ ಜಾಸ್ತಿ ಬೆಲೆ! ಮನೆ ನಡೆಸಿದವರಿಗೆ ಈ ಲೆಕ್ಕ ತಟ್ಟಂತ ಅರ್ಥವಾಗುತ್ತೆ. 20 ನಿಮಿಷ, ಮತ್ತೆ 20 ನಿಮಿಷ. ಎಲ್‌ಬಿಡಬ್ಲ್ಯು ಅಂದರೇನು ಅಂತ ಮೊಮ್ಮಗನ್ನ ಕೇಳಬೇಕಾಗಿಲ್ಲ. ಅದೂ ಅಲ್ಲದೆ ಇದು ಅವರು ಕಣ್ಣಾರೆ ನೋಡಿದ ಆಟ. ಗಣೇಶನ ಹಬ್ಬ ಬಂತು ಅಂದರೆ ಊರೂರಿಗೆ 'ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ' ಅಂತ ಪೋಸ್ಟರ್ ಬೀಳುತ್ತೆ ಅಲ್ವಾ? ನಿಮ್ಮ ಅತ್ತೆಯ ಅಣ್ಣನೋ ತಮ್ಮನೋ ಅಂಥ ಕಡೆ ಮೊಣಕಾಲು ತರಚಿಕೊಂಡೇ ಇರ್ತಾನೆ. ಕೇಳಿ ನೋಡಿ.

ಈಗ ಒಂದು ರಾತ್ರಿಯ ಕತೆ ಹೇಳಬೇಕು. 2019ರ ಜನವರಿ 5, ಆರನೇ ಸೀಸನ್ನಿನ ಫೈನಲ್. ಬೆಂಗಳೂರು ಬುಲ್ಸ್‌ಗೂ ಗುಜರಾತಿಗೂ ಮುಂಬೈಯಲ್ಲಿ ಪಂದ್ಯ. ನಮ್ಮ ಕಡೆ ಜನವರಿ ಅಂದರೆ ಒಕ್ಕಣೆ ಮುಗಿದು ರಾಗಿ ಹುಲ್ಲು ಸಾಗಿಸೋ ಕಾಲ. ಪಂದ್ಯ ಅರ್ಧ ಆಗಿತ್ತು, ಬುಲ್ಸ್ ಹಿಂದೆ ಬಿದ್ದಿದ್ದರು. ಹುಲ್ಲನ್ನು ಮಾಳಿಗೆ ಎತ್ತರಕ್ಕೆ ಹೇರಿಕೊಂಡ ಟ್ರ್ಯಾಕ್ಟರೊಂದು ರೈಲ್ವೆ ಗೇಟಿನ ಹಿಂದಿನ ಬೀದಿಯಲ್ಲಿ ನಮ್ಮ ವೈರನ್ನು ಎಳ್ಕೊಂಡು ಹೋಯಿತು. ನಾನೇ ಏಣಿ ಹಾಕಿ ಹತ್ತಿದೆ. ಬಾಯಲ್ಲಿ ಟಾರ್ಚು, ಕೈಯಲ್ಲಿ ಕಟಿಂಗ್ ಪ್ಲೇಯರ್. ವೈರಿನ ಮೇಲಿನ ಕಪ್ಪು ಸಿಪ್ಪೆ ಚಳಿಗೆ ಗಟ್ಟಿಯಾಗಿ ಸುಲಿಯೋಕೆ ಬರ್ತಿಲ್ಲ. ಜೇಬಲ್ಲಿ ಫೋನ್ ರಿಂಗಾಯಿತು. ಕೋಟೆ ಬೀದಿಯ ಅಜ್ಜಿ. ಲೈನ್ ಯಾವಾಗ ಬರುತ್ತೆ ಅಂತ ಕೇಳಲಿಲ್ಲ.

"ಮಗಾ, ಆ ಪವನ ಒಳಗವ್ನಾ ಹೊರಗವ್ನಾ? ಅಷ್ಟು ಹೇಳಪ್ಪ."

ಪವನ್ ಸೆಹ್ರಾವತ್ ಬುಲ್ಸ್‌ನ ಮುಖ್ಯ ರೈಡರ್. ಅವನು ಅಂಗಳದಲ್ಲಿದ್ದರೆ ಪಂದ್ಯ ಉಂಟು, ಹೊರಗೆ ಕೂತಿದ್ದರೆ ಇಲ್ಲ. ಇಡೀ ಪಂದ್ಯದ ಗುಟ್ಟನ್ನು ಆ ಅಜ್ಜಿ ಒಂದೇ ಮಾತಲ್ಲಿ ಹಿಡಿದಿತ್ತು. ನಮ್ಮ ಮನೆ ಬೇರೆ ಲೈನಲ್ಲಿದೆ, ಅಲ್ಲಿ ಟಿವಿ ಬರ್ತಿತ್ತು. ಏಣಿ ಮೇಲಿಂದಲೇ ಹೆಂಡತಿಗೆ ಫೋನ್ ಮಾಡಿ ಕೇಳಿದೆ. "ಒಳಗೇ ಇದಾನೆ, ಹೊಡೀತಾ ಇದಾನೆ" ಅಂದಳು. ಅಜ್ಜಿಗೆ ತಿರುಗಿ ಹೇಳಿದೆ. "ಸರಿ ಬಿಡು, ನೀನು ನಿಧಾನಕ್ಕೆ ಮಾಡು, ಬಿದ್ದುಗಿದ್ದೀಯ" ಅಂತು. ಪವನ್ ಅವತ್ತು ಒಬ್ಬನೇ 22 ಪಾಯಿಂಟ್ ತಂದ. ಬುಲ್ಸ್ 38–33ಕ್ಕೆ ಗೆದ್ದರು. ನಾನು ಜಾಯಿಂಟ್ ಮುಗಿಸಿದಾಗ ಕೊನೆ ಮೂರು ನಿಮಿಷ ಉಳಿದಿತ್ತು. ಅಷ್ಟಾದರೂ ಅಜ್ಜಿಗೆ ಸಿಕ್ಕಿತಲ್ಲ!

ಐಪಿಎಲ್‌ಗೆ ನೂರು ಜನ ಫೋನ್ ಮಾಡಿದರೆ ಮನೆಗೊಬ್ಬ ಹುಡುಗ ಮಾಡ್ತಾನೆ. ಕಬಡ್ಡಿಗೆ ಮೂವತ್ತು ಬಂದರೆ ಅದರಲ್ಲಿ ಅಜ್ಜಿ, ಸೊಸೆ, ಆರನೇ ಕ್ಲಾಸಿನ ಮಗು, ಎಲ್ಲರ ದನಿಯೂ ಇರುತ್ತೆ. ನಿಮ್ಮ ಅತ್ತೆಗೆ ನನ್ನ ನಮಸ್ಕಾರ ಹೇಳಿ. ಊಟದ ತಟ್ಟೆಯನ್ನು ಟಿವಿ ಮುಂದೆಯೇ ಕೊಡಿ.

ಪ್ರಶ್ನೆ: ದುಡ್ಡಿನ ಲೆಕ್ಕದಲ್ಲಿ ಐಪಿಎಲ್‌ಗೂ ಪ್ರೊ ಕಬಡ್ಡಿಗೂ ಎಷ್ಟು ಅಂತರ?
— ಕಿರಾಣಿ ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಆಕಾಶ ಭೂಮಿ. 2023ರಿಂದ 27ರವರೆಗೆ ಐಪಿಎಲ್ ತೋರಿಸುವ ಹಕ್ಕು ಹೋಗಿದ್ದು 48,390 ಕೋಟಿಗೆ. ಒಂದು ಪಂದ್ಯಕ್ಕೆ ಸುಮಾರು 118 ಕೋಟಿ ಅಂತ ಲೆಕ್ಕ ಬಿತ್ತು. ಪ್ರೊ ಕಬಡ್ಡಿಯ ಐದು ವರ್ಷದ ಹಕ್ಕು 2021ರಲ್ಲಿ ಹೋಗಿದ್ದು ಸುಮಾರು 908 ಕೋಟಿಗೆ. ಭಾಗಿಸಿ ನೋಡಿ. ಕಬಡ್ಡಿಯ ಐದು ವರ್ಷ ಪೂರ್ತಿ ಸೇರಿಸಿದರೂ ಐಪಿಎಲ್‌ನ ಎಂಟು ಪಂದ್ಯದ ಬೆಲೆ ಬರಲ್ಲ. ಜಾಹೀರಾತು ಕೊಡೋರು ಕೊಳ್ಳೋ ಜೇಬನ್ನು ನೋಡ್ತಾರೆ. ಕೋಟೆ ಬೀದಿಯ ಅಜ್ಜಿ ಅವರ ಲೆಕ್ಕಕ್ಕೆ ಸಿಗಲ್ಲ. ನನಗೆ ಇದು ಸರಿ ಅನ್ನಿಸಲ್ಲ.

ಪ್ರಶ್ನೆ: ನೀವು ಫುಟ್‌ಬಾಲನ್ನು ಮರೆತೇಬಿಟ್ಟಿದ್ದೀರಿ. ಬೆಂಗಳೂರು ಎಫ್‌ಸಿ ಮಾಡಿದ ಸಾಧನೆ ನಿಮಗೆ ಕಾಣುವುದಿಲ್ಲವೇ?
— ಆಸ್ಟಿನ್ ಟೌನ್ ನಿವಾಸಿ, ಬೆಂಗಳೂರು

ಉತ್ತರ: ಕಾಣುತ್ತೆ ಸರ್. ಕೋಪ ಮಾಡ್ಕೋಬೇಡಿ. 2013ರಲ್ಲಿ ಹುಟ್ಟಿದ ಕ್ಲಬ್ಬು ಮೊದಲ ಸೀಸನ್ನಿನಲ್ಲೇ ಆಗ ದೇಶದ ದೊಡ್ಡ ಲೀಗಾಗಿದ್ದ ಐ-ಲೀಗ್ ಗೆದ್ದಿತು. 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ತಲುಪಿತು, ಅಲ್ಲಿವರೆಗೆ ಯಾವ ಭಾರತೀಯ ಕ್ಲಬ್ಬೂ ಅಲ್ಲಿಗೆ ಹೋಗಿರಲಿಲ್ಲ. 2019ರ ಮಾರ್ಚ್‌ನಲ್ಲಿ ಐಎಸ್‌ಎಲ್ ಫೈನಲ್, ಗೋವಾ ಎದುರು. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯ ಮುಗಿಯೋಕೆ ಬಂದಿತ್ತು. 117ನೇ ನಿಮಿಷಕ್ಕೆ ಬೆಂಗಳೂರಿನ ರಾಹುಲ್ ಭೇಕೆ ಬಾಲಿಗೆ ತಲೆ ಕೊಟ್ಟ, ಗೋಲಾಯಿತು, ಕಪ್ ಬಂತು.

ಆ ರಾತ್ರಿ ಅರಸೀಕೆರೆಯಲ್ಲಿ ಬಂದ ಫೋನ್ ಎರಡೇ. ಎರಡೂ ರೈಲ್ವೆ ಕ್ವಾರ್ಟರ್ಸ್‌ನವು. ಅಲ್ಲಿ ಒಬ್ಬ ಮಲಯಾಳಿ ಯಜಮಾನರಿದ್ದಾರೆ, ಒಬ್ಬರು ಬಂಗಾಳದವರು. ಅವರ ಫುಟ್‌ಬಾಲ್ ಪ್ರೀತಿ ಹೇಗಿದೆ ಅಂದರೆ, ಲೈನ್ ಹೋದರೆ ಬರೀ ಫೋನ್ ಮಾಡಿ ಸುಮ್ನೆ ಕೂರಲ್ಲ. ಸ್ಕೂಟರಲ್ಲಿ ಬಂದು ಏಣಿ ಹಿಡ್ಕೊಂಡು ನಿಲ್ತಾರೆ! ಕ್ರಿಕೆಟ್‌ನವರು ಇವತ್ತಿನವರೆಗೆ ಒಬ್ಬರೂ ನನ್ನ ಏಣಿ ಹಿಡಿದಿಲ್ಲ.

ಒಂದು ಸಲ ಮಗನ ಜತೆ ಕಂಠೀರವ ಕ್ರೀಡಾಂಗಣಕ್ಕೆ ಬಂದಿದ್ದೆ. ವೆಸ್ಟ್ ಬ್ಲಾಕ್ ಕಡೆ ನೀಲಿ ಅಂಗಿಯವರು ಪಂದ್ಯ ಮುಗಿಯೋವರೆಗೆ ಕೂರಲೇ ಇಲ್ಲ. ಡೋಲು ನಿಲ್ಲಲೇ ಇಲ್ಲ. ಚಿನ್ನಸ್ವಾಮಿಯಲ್ಲಿ ಬೌಂಡರಿ ಬಿದ್ದಾಗ ಸದ್ದು ಬರುತ್ತೆ. ಇಲ್ಲಿ ಏನೂ ಆಗದಿದ್ದಾಗಲೂ ಸದ್ದು ಇತ್ತು. ಅದನ್ನು ನೋಡಿ ಬಂದ ಮೇಲೆ ಫುಟ್‌ಬಾಲಿಗೆ ಜನ ಕಡಿಮೆ ಅನ್ನೋಕೆ ನನಗೆ ಬಾಯಿ ಬರಲ್ಲ. ನೋಡೋರು ನಗರದಲ್ಲಿ, ಅದರಲ್ಲೂ ಕೆಲವೇ ಬಡಾವಣೆಗಳಲ್ಲಿ ಸೇರಿಕೊಂಡಿದ್ದಾರೆ, ಅಷ್ಟೇ. ಹಾಗಿರುವಾಗ 2025ರಲ್ಲಿ ಲೀಗು ಸಮಯಕ್ಕೆ ಶುರುವಾಗದೆ ನಿಂತುಹೋಗಿದ್ದು ನನಗೆ ನಿಜವಾಗಿ ನೋವಾಯಿತು. ಇರೋ ಜನರನ್ನು ಕಾಯಿಸಬಾರದು.

ಪ್ರಶ್ನೆ: ಅಂಕಲ್, ನಾನು ಎಂಟನೇ ಕ್ಲಾಸು, ಶಾಲಾ ಕಬಡ್ಡಿ ಟೀಮಲ್ಲಿ ಇದ್ದೀನಿ. ಹುಡುಗಿಯರ ಲೀಗ್ ಯಾಕೆ ಟಿವಿಯಲ್ಲಿ ಬರಲ್ಲ?
— ವಿದ್ಯಾರ್ಥಿನಿ, ಶಿರಸಿ

ಉತ್ತರ: ಕ್ರಿಕೆಟ್‌ನಲ್ಲಿ ಬರುತ್ತೆ ಪುಟ್ಟಿ. 2023ರಲ್ಲಿ ಡಬ್ಲ್ಯುಪಿಎಲ್ ಶುರುವಾಯಿತು. ಆರ್‌ಸಿಬಿ ಹೆಸರಿಗೆ ಮೊದಲ ಕಪ್ ತಂದುಕೊಟ್ಟಿದ್ದೇ ಹೆಣ್ಣುಮಕ್ಕಳು, 2024ರ ಮಾರ್ಚ್‌ನಲ್ಲಿ. ಗಂಡಸರು ಗೆದ್ದಿದ್ದು ಅದಾಗಿ ಒಂದು ವರ್ಷದ ಮೇಲೆ.

ಕಬಡ್ಡಿಯಲ್ಲಿ 2016ರಲ್ಲಿ ಪ್ರೊ ಕಬಡ್ಡಿ ಜತೆಗೇ ಮೂರು ಮಹಿಳಾ ತಂಡಗಳನ್ನು ಆಡಿಸಿದ್ದರು. ಆಮೇಲೆ ಅದನ್ನು ಮುಂದುವರಿಸಲಿಲ್ಲ. ಯಾಕೆ ಅಂತ ನಾನೂ ಕೇಳ್ತೀನಿ. ಆಡೋರಿಗೆ ಬರ ಇದೆಯಾ? 2012ರಲ್ಲಿ ಮಹಿಳೆಯರ ಮೊದಲ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ ಕಾರ್ಕಳ ಕಡೆಯ ಮಮತಾ ಪೂಜಾರಿ. 2025ರ ನವೆಂಬರ್‌ನಲ್ಲಿ ಢಾಕಾದಲ್ಲಿ ಮತ್ತೆ ವಿಶ್ವಕಪ್ ಗೆದ್ದಾಗ ತಂಡಕ್ಕೆ ಕೋಚ್ ಆಗಿದ್ದವರು ನಮ್ಮ ತೇಜಸ್ವಿನಿ ಬಾಯಿ. ಇಬ್ಬರಿಗೂ ಅರ್ಜುನ ಪ್ರಶಸ್ತಿ ಬಂದಿದೆ. ನೀನು ಆಡೋದು ಬಿಡಬೇಡ. ಹುಡುಗಿಯರ ಲೀಗ್ ಬಂದ ದಿನ ನಮ್ಮೂರಲ್ಲಿ ಅದನ್ನು ಮೊದಲ ನಂಬರಿನ ಚಾನೆಲ್ಲಿಗೇ ಹಾಕಬೇಕು ಅಂತ ನನ್ನ ಆಸೆ.

ಪ್ರಶ್ನೆ: ಈಗ ಎಲ್ಲರೂ ಮೊಬೈಲಲ್ಲೇ ನೋಡ್ತಾರೆ. ನಿಮ್ಮ ಫೋನ್ ಅಳತೆ ಇನ್ನೂ ನಡೆಯುತ್ತಾ?
— ಬ್ಯಾಂಕ್ ನೌಕರ, ಶಿವಮೊಗ್ಗ

ಉತ್ತರ: ಒಳ್ಳೆ ಪ್ರಶ್ನೆ. 2023ರಲ್ಲಿ ಐಪಿಎಲ್ ಮೊಬೈಲಿಗೆ ಪುಕ್ಕಟೆ ಬಂತು. ಆ ವರ್ಷ ನನ್ನ ಫೋನ್ ಎಷ್ಟೋ ಸಂಜೆ ಸುಮ್ಮನೆ ಮಲಗಿತ್ತು. ಹುಡುಗರು ಕಟ್ಟೆ ಮೇಲೆ ಸಾಲಾಗಿ ಕೂತು ಅವರವರ ಮೊಬೈಲಲ್ಲಿ ನೋಡ್ತಿದ್ದರು. ಒಬ್ಬನ ಮೊಬೈಲಲ್ಲಿ ಸಿಕ್ಸರ್ ಆದರೆ ಪಕ್ಕದವನಿಗೆ ಅದು ಹತ್ತು ಸೆಕೆಂಡ್ ತಡವಾಗಿ ಬರ್ತಿತ್ತು. ಆದರೆ 2025ರ ಜೂನ್ 3, ಆರ್‌ಸಿಬಿ ಫೈನಲ್ ದಿನ, ಅದೇ ಹುಡುಗರು ದೊಡ್ಡ ಟಿವಿಗೆ ವಾಪಸ್ ಬಂದರು. ನಾನು ಬೆಳಿಗ್ಗೆಯೇ ಯುಪಿಎಸ್ ಬ್ಯಾಟರಿಗೆ ನೀರು ಹಾಕಿಸಿ, ಮೂರು ಕಡೆ ಲೈನ್ ಹುಡುಗರನ್ನು ನಿಲ್ಲಿಸಿದ್ದೆ. ಆರು ರನ್ನಿಂದ ಗೆದ್ದರು. ಒಂದೇ ಒಂದು ದೂರು ಬರಲಿಲ್ಲ. 26 ವರ್ಷದಲ್ಲಿ ನನಗೆ ಅಷ್ಟು ಸಮಾಧಾನ ಕೊಟ್ಟ ರಾತ್ರಿ ಇನ್ನೊಂದಿಲ್ಲ.

ಮರುದಿನ ಸಂಜೆ ಮಾತ್ರ ಫೋನ್ ನಿಲ್ಲಲೇ ಇಲ್ಲ. ಕೇಳಿದ್ದು ನ್ಯೂಸ್ ಚಾನೆಲ್ ನಂಬರ್. ಚಿನ್ನಸ್ವಾಮಿ ಹೊರಗೆ ನೂಕುನುಗ್ಗಲಲ್ಲಿ 11 ಜನ ಸತ್ತಿದ್ದರು. ಬೆಂಗಳೂರಿಗೆ ಮಕ್ಕಳನ್ನು ಕಳಿಸಿದ ತಾಯಂದಿರು "ಹೆಸರು ಏನಾದ್ರೂ ಹಾಕ್ತಿದಾರಾ?" ಅಂತ ಕೇಳ್ತಿದ್ದರು. ಜನಪ್ರಿಯ ಅನ್ನೋ ಮಾತನ್ನು ಅದಾದ ಮೇಲೆ ನಾನು ಸ್ವಲ್ಪ ತಡೆದು ಬಳಸ್ತೀನಿ.

ಕಬಡ್ಡಿಯ ಫೋನ್ ಮಾತ್ರ ಕಡಿಮೆಯಾಗಿಲ್ಲ. ಆ ಮನೆಗಳಲ್ಲಿ ಟಿವಿ ಇನ್ನೂ ನಡುಮನೆಯಲ್ಲೇ ಇದೆ. ಕೋಟೆ ಬೀದಿಯ ಅಜ್ಜಿ ಪ್ರತಿ ಸೀಸನ್ ಶುರುವಾಗೋ ಹಿಂದಿನ ದಿನ ಫೋನ್ ಮಾಡುತ್ತೆ. ಪವನ್ ಈಗ ಬುಲ್ಸ್‌ನಲ್ಲಿಲ್ಲ ಅಂತ ಅದಕ್ಕೆ ಗೊತ್ತು. ಆದರೂ ಕೇಳೋದು ಎರಡೇ ಮಾತು: "ಎಷ್ಟು ಗಂಟೆಗಪ್ಪ? ಆ ಪವನ ಈ ಸಲ ಯಾರ ಕಡೆ?"