ಓದುಗರ ಪ್ರಶ್ನೆ: ರಾಜಕಾಲುವೆಗೆ ಸುರಿಯುವವರ ಮೇಲೆ ದೂರು ಕೊಡುವುದು ಹೇಗೆ?

ಪ್ರಶ್ನೆ: ನಮ್ಮ ರಸ್ತೆಯ ಪಕ್ಕದ ರಾಜಕಾಲುವೆಯ ತಡೆಗೋಡೆ ಒಂದು ಕಡೆ ಒಡೆದಿದೆ. ರಾತ್ರಿ ಹೊತ್ತು ಟ್ರ್ಯಾಕ್ಟರ್‌ಗಳು ಅಲ್ಲಿಗೆ ಬಂದು ಕಟ್ಟಡದ ಡೆಬ್ರಿಸ್ ಸುರಿದು ಹೋಗುತ್ತವೆ. ಇನ್ನೂ ಮೇಲ್ಗಡೆ ಇರುವ ಸಣ್ಣ ಕಾರ್ಖಾನೆಯೊಂದರಿಂದ ಆಗಾಗ ಬಣ್ಣದ ನೀರು ಹರಿದುಬರುತ್ತದೆ. ಸಹಾಯವಾಣಿಗೆ ದೂರು ಕೊಟ್ಟಾಗ ಕಸ ತೆಗೆಸಿ, ದೂರು ಇತ್ಯರ್ಥವಾಗಿದೆ ಎಂದು ಸಂದೇಶ ಕಳುಹಿಸಿದರು. ಆಮೇಲೆ ಮತ್ತೆ ಸುರಿದರು. ಸುರಿದವರಿಗೆ ಶಿಕ್ಷೆಯಾಗಬೇಕಾದರೆ ಯಾರ ಬಳಿ ಹೋಗಬೇಕು? ನಮ್ಮ ಹೆಸರು ಹೊರಬಿದ್ದರೆ ತೊಂದರೆಯಾದೀತೆಂಬ ಭಯವೂ ಇದೆ.
— ಹೆಸರು ಬೇಡ, ಕಾಮಾಕ್ಷಿಪಾಳ್ಯ

ಉತ್ತರ: ಕಸ ಬಿದ್ದಿದೆ ಎಂದು ತಿಳಿಸಿದರೆ ಕಚೇರಿಯವರು ಕಸ ತೆಗೆಸಿ ಕಡತ ಮುಚ್ಚುತ್ತಾರೆ. ಸುರಿದವರ ಮೇಲೆ ಕ್ರಮವಾಗಬೇಕೆಂದರೆ ಅದನ್ನೇ ಪ್ರತ್ಯೇಕ ದೂರಾಗಿ, ಲಿಖಿತವಾಗಿ ಕೊಡಬೇಕು. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಅಪರಾಧಗಳಿದ್ದು, ಅವುಗಳನ್ನು ನೋಡಿಕೊಳ್ಳುವ ಕಚೇರಿಗಳೂ ಬೇರೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಸೇರಿಸಿದರೆ ಪ್ರತಿ ಕಚೇರಿಯೂ ಇನ್ನೊಂದರ ಕಡೆ ಕೈ ತೋರಿಸುತ್ತದೆ.

ಮೊದಲು ಡೆಬ್ರಿಸ್ ವಿಷಯ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳು ಬಂದಿರುವುದರಿಂದ, ನಿಮ್ಮ ಬಡಾವಣೆ ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಖಚಿತಪಡಿಸಿಕೊಂಡು, ಅಲ್ಲಿ ಮಳೆನೀರುಗಾಲುವೆಗಳ ಹೊಣೆ ಹೊತ್ತಿರುವ ಎಂಜಿನಿಯರ್ ಅವರಿಗೆ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಗೋಡೆ ಒಡೆದ ಜಾಗವನ್ನು ಮುಚ್ಚಿಸಬೇಕೆಂಬ ಕೋರಿಕೆಯನ್ನೂ ಅದರಲ್ಲೇ ಬರೆಯಿರಿ, ಏಕೆಂದರೆ ವಾಹನ ನಿಲ್ಲಲು ಜಾಗವಿರುವ ತನಕ ಸುರಿಯುವವರು ಬರುತ್ತಲೇ ಇರುತ್ತಾರೆ. ಕಟ್ಟಡ ತ್ಯಾಜ್ಯವು ಚರಂಡಿಗಳಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಹೊಣೆ ಅದನ್ನು ಉಂಟುಮಾಡಿದವರದ್ದೇ ಎಂದು ಕೇಂದ್ರ ಸರ್ಕಾರ 2016ರ ನಿಯಮಗಳಲ್ಲೇ ಹೇಳಿತ್ತು. ಹಾಗಾಗಿ ಬಾಡಿಗೆಗೆ ಬಂದ ಟ್ರ್ಯಾಕ್ಟರ್ ಚಾಲಕನನ್ನು ಮಾತ್ರ ಹಿಡಿದು ದಂಡ ಹಾಕಿದರೆ ಸಾಲದು. ಮನೆ ಒಡೆಸಿದ ಮಾಲೀಕರನ್ನೂ ಗುತ್ತಿಗೆದಾರರನ್ನೂ ಕೇಳಬೇಕು.

ಅದನ್ನು ಸಾಧಿಸುವುದು ಸಾಕ್ಷ್ಯದಿಂದ. ವಾಹನದ ನೋಂದಣಿ ಸಂಖ್ಯೆ, ಸುರಿಯುತ್ತಿರುವ ದೃಶ್ಯ, ಹತ್ತಿರದ ವಿದ್ಯುತ್ ಕಂಬದ ಸಂಖ್ಯೆ ಅಥವಾ ಅಂಗಡಿಯ ಫಲಕ ಇವೆಲ್ಲ ಒಂದೇ ವಿಡಿಯೊದಲ್ಲಿ ಬಂದರೆ ಜಾಗದ ಬಗ್ಗೆ ತಕರಾರು ಉಳಿಯುವುದಿಲ್ಲ. ಎದುರು ಮನೆಯ ಸಿಸಿಟಿವಿ ಇದ್ದರೆ ದೃಶ್ಯ ಅಳಿಸಿಹೋಗುವ ಮೊದಲೇ ಪ್ರತಿ ಮಾಡಿಸಿಕೊಳ್ಳಿ. ಬೆಳಿಗ್ಗೆ ರಾಶಿಯನ್ನು ರಸ್ತೆಯ ಕಡೆಯಿಂದಲೇ ಗಮನಿಸಿ: ಒಡೆದ ಇಟ್ಟಿಗೆ, ಸಿಮೆಂಟ್ ಗಾರೆಯ ನಡುವೆ ಟೈಲ್ಸ್ ಬಂದ ರಟ್ಟಿನ ಪೆಟ್ಟಿಗೆಗಳು ಇರುವುದುಂಟು, ಅವುಗಳ ಮೇಲೆ ಅಂಟಿಸಿದ ಚೀಟಿಯಲ್ಲಿ ಸರಕು ತಲುಪಿಸಿದ ವಿಳಾಸವೂ ಇರಬಹುದು. ಅದರ ಚಿತ್ರ ತೆಗೆದಿಟ್ಟುಕೊಳ್ಳಿ, ಆದರೆ ಕಾಲುವೆಗೆ ಇಳಿಯಬೇಡಿ, ರಾತ್ರಿ ವಾಹನಕ್ಕೆ ಅಡ್ಡ ನಿಲ್ಲಬೇಡಿ. ಆ ಹೊತ್ತಿನಲ್ಲಿ 112ಕ್ಕೆ ಕರೆ ಮಾಡುವುದೇ ಸರಿ. ಸಾರ್ವಜನಿಕ ಚರಂಡಿ ಕಟ್ಟಿಕೊಂಡು ಹಾನಿಯಾಗುವುದೆಂದು ತಿಳಿದೂ ಅಂಥ ಕೆಲಸ ಮಾಡುವವರಿಗೆ ಭಾರತೀಯ ನ್ಯಾಯ ಸಂಹಿತೆಯ 326ನೇ ಕಲಮಿನಲ್ಲಿ ಐದು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಪೊಲೀಸ್ ಠಾಣೆಗೆ ಕೊಡುವ ದೂರಿನಲ್ಲಿ ಈ ಕಲಮನ್ನು ನಮೂದಿಸಿ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯೂ ಬೆಳ್ಳಂದೂರು, ಮಹದೇವಪುರದ ಬಡಾವಣೆಗಳೂ ಮುಳುಗಿದ್ದನ್ನು ಕಂಡ ಊರಿನಲ್ಲಿ, ಕಾಲುವೆಗೆ ಒಂದು ಲೋಡ್ ಮಣ್ಣು ಸುರಿಯುವುದನ್ನು ಸಣ್ಣ ತಪ್ಪೆಂದು ಯಾರೂ ತಳ್ಳಿಹಾಕಬಾರದು.

ಬಣ್ಣದ ನೀರಿನ ದೂರು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಅಧಿಕಾರಿಗೆ ಹೋಗಬೇಕು. ಅದು ಚರಂಡಿ, ನದಿಯಲ್ಲ ಎಂದು ಯಾರಾದರೂ ವಾದಿಸಿದರೆ ಒಪ್ಪಬೇಡಿ: 1974ರ ಜಲ ಮಾಲಿನ್ಯ ಕಾಯ್ದೆಯು ಹರಿಯುತ್ತಿರಲಿ, ಸದ್ಯಕ್ಕೆ ಒಣಗಿರಲಿ, ನೀರು ಹರಿಯುವ ಹಾದಿಯನ್ನೆಲ್ಲ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ನಿಮ್ಮ ಕಡೆಯ ಕಾಲುವೆಯ ನೀರು ವೃಷಭಾವತಿಯನ್ನು ಸೇರಿ, ಬೈರಮಂಗಲದ ಕೆರೆಯನ್ನೂ ಅರ್ಕಾವತಿಯನ್ನೂ ಹಾದು ಕಾವೇರಿಗೇ ಹೋಗುತ್ತದೆ. ನೀವೇ ಬಾಟಲಿಯಲ್ಲಿ ತುಂಬಿಟ್ಟ ನೀರನ್ನು ಮಂಡಳಿಗೆ ತೋರಿಸಬಹುದು, ಆದರೆ ಈ ಕಾಯ್ದೆಯಡಿ ಮೊಕದ್ದಮೆಯಲ್ಲಿ ನಿಲ್ಲುವ ಮಾದರಿಯನ್ನು ಮಂಡಳಿಯ ಅಧಿಕಾರಿಯೇ ಕಾರ್ಖಾನೆಯವರಿಗೆ ನೋಟಿಸ್ ಕೊಟ್ಟು ಸಂಗ್ರಹಿಸಿ, ಎರಡು ಭಾಗ ಮಾಡಿ, ಮೊಹರು ಹಾಕಬೇಕು. ಆದ್ದರಿಂದ ಯಾವ ದಿನ, ಎಷ್ಟು ಗಂಟೆಗೆ, ಯಾವ ಬಣ್ಣದ ನೀರು ಬಂತು ಎಂದು ಬರೆದಿಡುವುದು ನಿಮ್ಮಿಂದ ಆಗುವ ಅತ್ಯಂತ ಉಪಯುಕ್ತ ಕೆಲಸ. ಆ ಹೊತ್ತಿಗೇ ತಪಾಸಣೆಗೆ ಬರುವಂತೆ ಕೇಳಲು ಅದು ಬೇಕು. ಕಾಯ್ದೆಯ 33ಎ ಕಲಮಿನ ಪ್ರಕಾರ ಕಾರ್ಖಾನೆಯನ್ನು ಮುಚ್ಚಿಸುವ, ವಿದ್ಯುತ್ ಕಡಿತಗೊಳಿಸುವ ಅಧಿಕಾರ ಮಂಡಳಿಗಿದೆ. ಮಂಡಳಿ ಸುಮ್ಮನಿದ್ದರೆ, 60 ದಿನಗಳ ನೋಟಿಸ್ ಕೊಟ್ಟು ನೀವೇ ನ್ಯಾಯಾಲಯಕ್ಕೆ ದೂರು ಸಲ್ಲಿಸಲು 49ನೇ ಕಲಮು ದಾರಿ ಮಾಡಿಕೊಟ್ಟಿದೆ.

ಹೆಸರಿನ ಭಯ ನ್ಯಾಯವಾದದ್ದೇ. ನಿವಾಸಿಗಳ ಸಂಘದ ಹೆಸರಿನಲ್ಲಿ ದೂರು ಕೊಡಿ, ವಿವರಗಳನ್ನು ಗೌಪ್ಯವಾಗಿಡಬೇಕೆಂದು ಅರ್ಜಿಯಲ್ಲೇ ಬರೆಯಿರಿ. ಕಾನೂನು ಜಾರಿಗಾಗಿ ಗುಟ್ಟಾಗಿ ಮಾಹಿತಿ ಕೊಟ್ಟವರ ಗುರುತನ್ನು ಬಹಿರಂಗಪಡಿಸದಿರಲು ಮಾಹಿತಿ ಹಕ್ಕು ಕಾಯ್ದೆಯ 8ನೇ ಕಲಮಿನಲ್ಲಿ ವಿನಾಯಿತಿ ಇದೆ. ಅದೇ ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ, ನಿಮ್ಮ ದೂರಿನ ಮೇಲೆ ಯಾರಿಗೆ ನೋಟಿಸ್ ಹೋಯಿತು, ಎಷ್ಟು ದಂಡ ವಸೂಲಾಯಿತು ಎಂದು ಕೇಳಿ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಲೇಬೇಕು. ಕಸ ತೆಗೆಸಿದ್ದೇವೆ ಎಂಬಷ್ಟೇ ಉತ್ತರ ಬಂದರೆ ಮೇಲ್ಮನವಿ ಸಲ್ಲಿಸಿ.

ಪ್ರಶ್ನೆ: ನಮ್ಮ ಹಳೆಯ ಕಟ್ಟಡದ ಬಚ್ಚಲು ನೀರಿನ ಕೊಳವೆಯನ್ನು ಬಿಲ್ಡರ್ ರಸ್ತೆಬದಿಯ ಮಳೆನೀರು ಚರಂಡಿಗೇ ಜೋಡಿಸಿದ್ದಾನೆಂದು ಈಗ ತಿಳಿಯಿತು. ಏನು ಮಾಡಬೇಕು?
— ಓದುಗರು, ಹೊರಮಾವು

ಉತ್ತರ: ಮಳೆನೀರು ಚರಂಡಿಗೆ ಬಿದ್ದದ್ದು ಶುದ್ಧೀಕರಣಕ್ಕೆಂದು ಹೋಗುವುದಿಲ್ಲ, ನೇರವಾಗಿ ಕೆರೆ ಸೇರುತ್ತದೆ. ಜಲಮಂಡಳಿಯ ನಿಮ್ಮ ಉಪವಿಭಾಗದಲ್ಲಿ ಒಳಚರಂಡಿ ಸಂಪರ್ಕಕ್ಕೆ ಅರ್ಜಿ ಹಾಕಿ, ಸಂಪರ್ಕ ಸಿಕ್ಕ ಕೂಡಲೇ ಹಳೆಯ ಕೊಳವೆಯನ್ನು ಮುಚ್ಚಿಸಿ. ವಿಚಾರಣೆಗೆ ಮಂಡಳಿಯ ಸಹಾಯವಾಣಿ 1916 ಇದೆ. ಹಾಗೆ ಮಾಡುವಾಗ ಮಹಡಿಯ ಮಳೆನೀರಿನ ಪೈಪನ್ನು ಒಳಚರಂಡಿಗೆ ಸೇರಿಸದಂತೆ ಪ್ಲಂಬರ್‌ಗೆ ಸ್ಪಷ್ಟವಾಗಿ ಹೇಳಿ, ಏಕೆಂದರೆ ಜೋರು ಮಳೆಯಲ್ಲಿ ಮ್ಯಾನ್‌ಹೋಲ್ ಉಕ್ಕಿ ಕೊಳಚೆ ರಸ್ತೆಗೆ ಬರಲು ಅದೂ ಒಂದು ದೊಡ್ಡ ಕಾರಣ.