ಕತ್ತಿ ಯಾರ ಕೈಯಲ್ಲಿತ್ತು, ರಕ್ತ ಯಾರ ಕೈಯಲ್ಲಿತ್ತು: ಒಬ್ಬ ಲೇಖಕರಿಗೆ ಉತ್ತರ

ಮಾನ್ಯರೇ,

ನಮ್ಮ ಮಾಸಪತ್ರಿಕೆಗೆ ನೀವು ಕಳುಹಿಸಿದ 'ಪ್ರಾಚೀನ ಇಸ್ರೇಲಿನ ಪುರೋಹಿತವರ್ಗ' ಎಂಬ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ ಎಂಬುದನ್ನು ಮೊದಲೇ ತಿಳಿಸುತ್ತೇನೆ. ಆದರೆ ಎರಡು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಬೈಬಲಿನ ಆರಾಧನಾ ಪದ್ಧತಿಯ ಬಗ್ಗೆ ಚರ್ಚಿನ ಹೊರಗಿನ ಓದುಗರಿಗೂ ಅರ್ಥವಾಗುವಂತೆ ಕನ್ನಡದಲ್ಲಿ ಬರೆಯುವವರು ವಿರಳ. ಜೊತೆಗೆ, ಯಜ್ಞವೇದಿಯ ಬೂದಿಯನ್ನು ಕುರಿತ ನಿಮ್ಮ ಏಳನೆಯ ಪುಟವನ್ನು ಓದಿದಾಗ ಈ ಲೇಖನವನ್ನು ನೀವು ಇದಕ್ಕಿಂತ ಬಹಳ ಚೆನ್ನಾಗಿ ಬರೆಯಬಲ್ಲಿರಿ ಎಂಬ ನಂಬಿಕೆ ನನಗೆ ಬಂದಿತು.

ನಿಮ್ಮ ವಾದವನ್ನು ನಾನು ಗ್ರಹಿಸಿರುವುದು ಹೀಗೆ: ದೇವರಿಗೂ ಜನರಿಗೂ ನಡುವೆ ಪುರೋಹಿತರೆಂಬ ಒಂದೇ ಗುಂಪು ನಿಂತಿತ್ತು, ಬಲಿ ಕೊಡುವುದು, ಪ್ರಾರ್ಥಿಸುವುದು, ಉಪದೇಶಿಸುವುದು, ರೋಗ ವಾಸಿಮಾಡುವುದು ಎಲ್ಲವೂ ಅವರ ಕೈಯಲ್ಲಿದ್ದವು, ಮೋಶೆಯ ಕಾಲದಿಂದ ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ನಾಶಮಾಡುವವರೆಗೆ ಈ ವ್ಯವಸ್ಥೆ ಹಾಗೆಯೇ ಉಳಿಯಿತು. ಈ ವಾದದ ಎರಡು ಭಾಗಗಳೂ ನಿಲ್ಲುವುದಿಲ್ಲ. ಗುಂಪು ಒಂದೇ ಆಗಿರಲಿಲ್ಲ, ವ್ಯವಸ್ಥೆ ಬದಲಾಗದೆಯೂ ಇರಲಿಲ್ಲ.

ಮೊದಲನೆಯ ಪುಟದಲ್ಲೇ 'ಭಕ್ತನು ತಂದ ಪಶುವನ್ನು ಯಾಜಕನು ಕೊಂದು ದೇವರಿಗೆ ಅರ್ಪಿಸುತ್ತಿದ್ದನು' ಎಂದು ಬರೆದಿದ್ದೀರಿ. ಬೈಬಲಿನ ಮೂರನೆಯ ಗ್ರಂಥವಾದ ಯಾಜಕಕಾಂಡದ ಮೊದಲನೆಯ ಅಧ್ಯಾಯವನ್ನು ಕ್ರಿಯಾಪದಗಳ ಮೇಲೆ ಬೆರಳಿಟ್ಟುಕೊಂಡು ಇನ್ನೊಮ್ಮೆ ಓದಬೇಕೆಂದು ಕೋರುತ್ತೇನೆ. ಪಶುವನ್ನು ವೇದಿಯ ಮೇಲೆ ಪೂರ್ತಿ ಸುಡುವ ಸರ್ವಾಂಗಹೋಮಕ್ಕಾಗಿ ಹೋರಿಯನ್ನು ತಂದವನೇ ಅದರ ತಲೆಯ ಮೇಲೆ ಕೈಯಿಡುತ್ತಾನೆ. ಅದನ್ನು ವಧಿಸುವವನೂ, ಚರ್ಮ ಸುಲಿದು ತುಂಡುಮಾಡುವವನೂ ಅವನೇ. ಯಾಜಕನ ಕೆಲಸ ರಕ್ತದಿಂದ ಆರಂಭವಾಗುತ್ತದೆ. ಮೋಶೆಯ ಅಣ್ಣನೂ ಮೊದಲ ಮಹಾಯಾಜಕನೂ ಆದ ಆರೋನನ ಮಕ್ಕಳು, ಅಂದರೆ ಯಾಜಕರು, ರಕ್ತವನ್ನು ತೆಗೆದುಕೊಂಡು ವೇದಿಯ ಸುತ್ತಲೂ ಎರಚುತ್ತಾರೆ, ವೇದಿಯ ಮೇಲೆ ಬೆಂಕಿ ಇಟ್ಟು ಕಟ್ಟಿಗೆ ಜೋಡಿಸುತ್ತಾರೆ, ತುಂಡುಗಳನ್ನು ಅದರ ಮೇಲೆ ಇರಿಸುತ್ತಾರೆ. ಪಕ್ಷಿಯನ್ನು ತಂದಾಗ ಮಾತ್ರ ಯಾಜಕನೇ ಅದರ ತಲೆಯನ್ನು ಮುರಿಯುತ್ತಾನೆ. ಅಷ್ಟು ಸಣ್ಣ ಜೀವಿಯ ರಕ್ತವನ್ನು ಬೇರೆಯಾಗಿ ಹಿಡಿದು ತರಲಾಗದು, ವೇದಿಯ ಪಕ್ಕಕ್ಕೇ ಹಿಂಡಬೇಕಾಗುತ್ತದೆ ಎಂಬುದು ಇದಕ್ಕೆ ಕಾರಣವಿರಬಹುದು. ವೇದಿಯ ಅಷ್ಟು ಸಮೀಪಕ್ಕೆ ಜನಸಾಮಾನ್ಯನು ಹೋಗುವಂತಿರಲಿಲ್ಲ.

ಇದು ಚಿಕ್ಕ ತಿದ್ದುಪಡಿಯಂತೆ ಕಂಡರೂ ನಿಮ್ಮ ಲೇಖನದ ತಳಹದಿಯನ್ನೇ ಮುಟ್ಟುತ್ತದೆ. ಕೊಲ್ಲುವುದೇ ಯಾಜಕತ್ವದ ತಿರುಳಾಗಿದ್ದರೆ ಅದನ್ನು ಜನರ ಕೈಗೆ ಬಿಡುತ್ತಿರಲಿಲ್ಲ. ಆ ಜನರ ನಂಬಿಕೆಯಲ್ಲಿ ರಕ್ತವೇ ಜೀವ, ಅದು ದೇವರಿಗೆ ಸೇರಿದ್ದು, ಅದನ್ನು ವೇದಿಗೆ ತಲುಪಿಸುವುದು ಮಾತ್ರ ಅಪಾಯದ ಕೆಲಸ. ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಮಿಷ್ನಾ ಎಂಬ ಯೆಹೂದಿ ಧರ್ಮಶಾಸ್ತ್ರ ಸಂಗ್ರಹವೂ, ಯಾಜಕರಲ್ಲದವರು, ಹೆಂಗಸರು, ದಾಸರು ವಧಿಸಿದರೂ ಆ ಬಲಿ ಊರ್ಜಿತವೇ ಎಂದು ಹೇಳುತ್ತದೆ. ಕತ್ತಿಯನ್ನೂ ರಕ್ತದ ಪಾತ್ರೆಯನ್ನೂ ಬೇರೆ ಬೇರೆಯಾಗಿ ಹಿಂಬಾಲಿಸಿ ಬರೆದರೆ ನಿಮ್ಮ ಲೇಖನಕ್ಕೆ ಬೆನ್ನೆಲುಬು ಸಿಗುತ್ತದೆ.

ನಾಲ್ಕನೆಯ ಪುಟದಲ್ಲಿ ಯಾಜಕನನ್ನು ವೈದ್ಯನೆಂದು ಕರೆದಿದ್ದೀರಿ. ಯಾಜಕಕಾಂಡದ 13 ಮತ್ತು 14ನೆಯ ಅಧ್ಯಾಯಗಳಲ್ಲಿ ಯಾಜಕನು ಚರ್ಮದ ಮೇಲಿನ ಮಚ್ಚೆಯನ್ನು ನೋಡುತ್ತಾನೆ, ಕೂದಲು ಬೆಳ್ಳಗಾಗಿದೆಯೇ ಎಂದು ಪರೀಕ್ಷಿಸುತ್ತಾನೆ, ಸಂಶಯವಿದ್ದರೆ ಏಳು ದಿನ ಪ್ರತ್ಯೇಕವಾಗಿಟ್ಟು ಮತ್ತೆ ನೋಡುತ್ತಾನೆ, ಕೊನೆಗೆ ಶುದ್ಧನೆಂದೋ ಅಶುದ್ಧನೆಂದೋ ನಿರ್ಣಯ ಹೇಳುತ್ತಾನೆ. ಒಂದು ಹನಿ ಔಷಧವನ್ನೂ ಅವನು ಕೊಡುವುದಿಲ್ಲ. ವಾಸಿಯಾದ ಮೇಲೆ ಪಾಳೆಯದ ಹೊರಗೆ ತಾನೇ ಹೋಗಿ ನೋಡಿ, ಆ ವ್ಯಕ್ತಿಯನ್ನು ಮರಳಿ ಸೇರಿಸಿಕೊಳ್ಳುವ ವಿಧಿಯನ್ನು ನಡೆಸುತ್ತಾನೆ. ಇದೇ ಪರೀಕ್ಷೆಯನ್ನು ಬಟ್ಟೆಗೂ ಮನೆಯ ಗೋಡೆಗೂ ಮಾಡುವುದರಿಂದ, ಆ ದೋಷವನ್ನು ಇಂದಿನ ಕುಷ್ಠರೋಗದೊಂದಿಗೆ ಸಮೀಕರಿಸಿದ ನಿಮ್ಮ ವಾಕ್ಯವನ್ನೂ ಕೈಬಿಡಬೇಕು. ಪವಿತ್ರವಾದದ್ದನ್ನೂ ಸಾಮಾನ್ಯವಾದದ್ದನ್ನೂ, ಶುದ್ಧವನ್ನೂ ಅಶುದ್ಧವನ್ನೂ ವಿಂಗಡಿಸುವುದು ಮತ್ತು ಆ ವಿಂಗಡಣೆಯನ್ನು ಜನರಿಗೆ ಕಲಿಸುವುದು ಯಾಜಕನ ಹೊಣೆಯೆಂದು ಅದೇ ಗ್ರಂಥದ 10ನೆಯ ಅಧ್ಯಾಯ ಹೇಳುತ್ತದೆ. ಅವನು ಕೊಡುತ್ತಿದ್ದ 'ಉಪದೇಶ' ಇಂಥದ್ದು. ಅದನ್ನು ಇಂದಿನ ಭಾನುವಾರದ ಪ್ರಸಂಗದಂತೆ ಚಿತ್ರಿಸಿದರೆ ಓದುಗನ ಕಣ್ಣಮುಂದೆ ತಪ್ಪು ದೃಶ್ಯ ನಿಲ್ಲುತ್ತದೆ. ಪ್ರಾರ್ಥನೆಯ ವಿಷಯವೂ ಹಾಗೆಯೇ: ಶಿಲೋವಿನಲ್ಲಿ ಹನ್ನಳು ತನ್ನ ದುಃಖವನ್ನು ತಾನೇ ದೇವರ ಮುಂದೆ ಹೇಳಿಕೊಂಡಳು, ಬಾಗಿಲ ಬಳಿ ಕುಳಿತಿದ್ದ ಯಾಜಕ ಏಲಿ ಅವಳು ಕುಡಿದಿದ್ದಾಳೆಂದು ತಪ್ಪಾಗಿ ತಿಳಿದನು.

ಇಸ್ರೇಲಿನ ಕುಲಗಳಲ್ಲಿ ಒಂದಾದ ಲೇವಿ ಕುಲದವರಿಗೆ, ಅಂದರೆ ಲೇವಿಯರಿಗೆ, ನೀವು ಮೀಸಲಿಟ್ಟಿರುವುದು ಮೂರೇ ವಾಕ್ಯ. ಅದರಲ್ಲೂ 'ಲೇವಿಯರು ಅಂದರೆ ಯಾಜಕರು' ಎಂಬ ವಾಕ್ಯ ಅರಣ್ಯಕಾಂಡವನ್ನು ಓದಿದವರನ್ನು ತಕ್ಷಣ ತಡೆದು ನಿಲ್ಲಿಸುತ್ತದೆ. ಆ ಗ್ರಂಥದ ಪ್ರಕಾರ ಲೇವಿ ಕುಲದಲ್ಲಿ ಆರೋನನ ವಂಶದವರು ಮಾತ್ರ ಯಾಜಕರು. ಉಳಿದವರು, ದೇವಾಲಯ ಕಟ್ಟುವ ಮೊದಲು ಆರಾಧನೆ ನಡೆಯುತ್ತಿದ್ದ ದೇವದರ್ಶನದ ಗುಡಾರವನ್ನು ಕಾಯುವವರು, ಬಿಚ್ಚುವವರು, ಹೊರುವವರು. ಈ ಹೊರುವ ಕೆಲಸದ ವಿವರಗಳು ಎಷ್ಟು ಸಜೀವವಾಗಿವೆಯೆಂದರೆ ನೀವು ಅವುಗಳನ್ನು ಬಿಟ್ಟದ್ದು ನನಗೆ ನಿಜಕ್ಕೂ ನೋವುಂಟುಮಾಡಿತು. ಲೇವಿಯರ ಮೂರು ಗೋತ್ರಗಳಲ್ಲಿ ಮೆರಾರೀಯರು ಚೌಕಟ್ಟು, ಅಗುಳಿ, ಕಂಬ, ಗದ್ದಿಗೇಕಲ್ಲುಗಳನ್ನು ಸಾಗಿಸಬೇಕಾದ್ದರಿಂದ ಅವರಿಗೆ ನಾಲ್ಕು ಬಂಡಿ, ಎಂಟು ಎತ್ತು. ಗೇರ್ಷೋನ್ಯರದು ಪರದೆ ಮತ್ತು ಹೊದಿಕೆಗಳಾದ್ದರಿಂದ ಎರಡು ಬಂಡಿ, ನಾಲ್ಕು ಎತ್ತು. ಕೆಹಾತ್ಯರಿಗೆ ಒಂದು ಬಂಡಿಯೂ ಇಲ್ಲ, ಏಕೆಂದರೆ ದೇವರ ಒಡಂಬಡಿಕೆಯ ಪೆಟ್ಟಿಗೆಯಾದ ಮಂಜೂಷ, ಮೇಜು, ದೀಪಸ್ತಂಭಗಳನ್ನು ಅವರು ಹೆಗಲ ಮೇಲೆಯೇ ಹೊರಬೇಕು. ಆ ವಸ್ತುಗಳನ್ನು ಆರೋನನೂ ಅವನ ಮಕ್ಕಳೂ ಮೊದಲು ಮುಚ್ಚಿ ಸುತ್ತಿರಬೇಕು. ಹೊರುವವರು ಅವುಗಳನ್ನು ಮುಟ್ಟಿದರೆ ಸಾಯುವರು. ಅತ್ಯಂತ ಪವಿತ್ರವಾದದ್ದನ್ನು ಹೆಗಲ ಮೇಲೆ ಹೊತ್ತೂ ಅದನ್ನು ಕಾಣದೆ ನಡೆಯುವ ಈ ಜನರ ಬಗ್ಗೆ ಕನಿಷ್ಠ ಒಂದು ಪುಟ ಬರೆಯಬೇಕು. ಈ ಸೇವೆಗೆ 30ರಿಂದ 50 ವರ್ಷದೊಳಗಿನ 8,580 ಗಂಡಸರಿದ್ದರೆಂದು ಅರಣ್ಯಕಾಂಡ ಲೆಕ್ಕ ಕೊಡುತ್ತದೆ. ಆದರೆ ಇಂಥ ಸಂಖ್ಯೆಗಳನ್ನು ಗ್ರಂಥದ ಹೇಳಿಕೆಯೆಂದೇ ಉಲ್ಲೇಖಿಸಿ, ಇತಿಹಾಸದ ಜನಗಣತಿಯಂತೆ ಬಳಸಬೇಡಿ. ಮೂರನೆಯ ಅಧ್ಯಾಯದಲ್ಲಿ ಮೂರು ಗೋತ್ರಗಳ ಸಂಖ್ಯೆ 7,500, 8,600 ಮತ್ತು 6,200. ಕೂಡಿದರೆ 22,300 ಆಗುತ್ತದೆ, ಗ್ರಂಥ ಹೇಳುವ ಮೊತ್ತ 22,000.

ಇನ್ನು 'ಬದಲಾಗದ ವ್ಯವಸ್ಥೆ' ಎಂಬ ಮಾತು. ನಿಮ್ಮ ಹಸ್ತಪ್ರತಿಯ ಅತಿ ದೊಡ್ಡ ದೋಷ ಇಲ್ಲಿದೆ, ಆದ್ದರಿಂದ ಸ್ವಲ್ಪ ವಿಸ್ತರಿಸುತ್ತೇನೆ. ನ್ಯಾಯಸ್ಥಾಪಕರ ಗ್ರಂಥದಲ್ಲಿ ಎಫ್ರಾಯೀಮ್ ಬೆಟ್ಟದ ಮೀಕನೆಂಬವನು ಮನೆಯಲ್ಲೇ ದೇವಸ್ಥಾನ ಮಾಡಿ ಮೊದಲು ತನ್ನ ಮಗನನ್ನೇ ಯಾಜಕನನ್ನಾಗಿ ಇಟ್ಟುಕೊಳ್ಳುತ್ತಾನೆ. ಆಮೇಲೆ ಬೇತ್ಲೆಹೇಮಿನಿಂದ ಕೆಲಸ ಹುಡುಕಿಕೊಂಡು ಬಂದ ಒಬ್ಬ ಲೇವಿಯ ತರುಣನನ್ನು ವರ್ಷಕ್ಕೆ ಹತ್ತು ಬೆಳ್ಳಿ ನಾಣ್ಯ, ಬಟ್ಟೆ ಮತ್ತು ಊಟದ ಮೇಲೆ ನೇಮಿಸುತ್ತಾನೆ. ಲೇವಿಯನಿದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ ಎಂಬ ಕಾಲವದು. ಎರಡನೆಯ ಸಮುವೇಲ ಗ್ರಂಥದ 8ನೆಯ ಅಧ್ಯಾಯದ ಹೀಬ್ರೂ ಪಾಠದಲ್ಲಿ ಲೇವಿಯನಲ್ಲದ, ಯೆಹೂದ ಕುಲದವನಾದ ಅರಸ ದಾವೀದನ ಮಕ್ಕಳನ್ನು ಯಾಜಕರೆಂದೇ ಕರೆಯಲಾಗಿದೆ; ಅದೇ ಸಂಗತಿಯನ್ನು ಮುಂದೆ ಬರೆದ ಪೂರ್ವಕಾಲವೃತ್ತಾಂತದ ಲೇಖಕನು ಆ ಪದವನ್ನು ಬಿಟ್ಟು, ಅವರು ಅರಸನ ಬಳಿಯಲ್ಲಿದ್ದ ಮುಖ್ಯಸ್ಥರೆಂದು ಬರೆಯುತ್ತಾನೆ. ಸಿಂಹಾಸನದ ಜಗಳದಲ್ಲಿ ಎದುರು ಪಕ್ಷ ಹಿಡಿದನೆಂದು ದಾವೀದನ ಮಗ ಸೊಲೊಮೋನನು ಯಾಜಕ ಎಬ್ಯಾತಾರನನ್ನು ಅನಾತೋತ್ ಎಂಬ ಊರಿಗೆ ಓಡಿಸಿ, ಚಾದೋಕನೆಂಬ ಯಾಜಕನನ್ನು ಆ ಸ್ಥಾನದಲ್ಲಿ ನಿಲ್ಲಿಸುತ್ತಾನೆ. ಅಂದರೆ ಯಾಜಕನ ನೇಮಕವೂ ವಜಾ ಕೂಡ ಅರಸನ ಕೈಯಲ್ಲಿದ್ದವು.

ಕ್ರಿ.ಪೂ. 622ರ ಸುಮಾರಿಗೆ ಯೋಷೀಯ ಅರಸನು ಊರೂರಿನ ಪೂಜಾಸ್ಥಳಗಳನ್ನು ಕೆಡವಿ ಆರಾಧನೆಯನ್ನೆಲ್ಲ ಜೆರುಸಲೇಮಿನಲ್ಲಿ ಕೇಂದ್ರೀಕರಿಸಿದಾಗ ನೂರಾರು ವರ್ಷಗಳ ಜೀವನೋಪಾಯವೊಂದು ಕುಸಿಯಿತು. ಲೇವಿಯನು ಬಂದರೆ ಎಲ್ಲರಂತೆ ಸೇವೆಮಾಡಿ ಸಮಪಾಲು ಪಡೆಯಲಿ ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ನಡೆದದ್ದು ಬೇರೆ: ಪೂಜಾಸ್ಥಳಗಳ ಯಾಜಕರು ಜೆರುಸಲೇಮಿನ ವೇದಿಯನ್ನು ಹತ್ತಲಿಲ್ಲ, ತಮ್ಮ ಬಂಧುಗಳ ನಡುವೆ ಹುಳಿಯಿಲ್ಲದ ರೊಟ್ಟಿಯನ್ನಷ್ಟೇ ತಿಂದರು ಎಂದು ಅರಸುಗಳ ಗ್ರಂಥ ಬರೆದಿಟ್ಟಿದೆ. ಸ್ವತಃ ಯಾಜಕನಾಗಿದ್ದು ಬಾಬೆಲಿಗೆ ಸೆರೆಹೋದ ಯೆಹೆಜ್ಕೇಲನು 44ನೆಯ ಅಧ್ಯಾಯದಲ್ಲಿ ಇದನ್ನು ವಿಧಿಯಾಗಿಯೇ ನುಡಿಯುತ್ತಾನೆ: ವಿಗ್ರಹಗಳ ಹಿಂದೆ ಹೋದ ಲೇವಿಯರು ಬಾಗಿಲು ಕಾಯಲಿ, ಜನರ ಪರವಾಗಿ ಪಶುಗಳನ್ನು ವಧಿಸಲಿ, ರಕ್ತವನ್ನೂ ಕೊಬ್ಬನ್ನೂ ಅರ್ಪಿಸಲು ಚಾದೋಕನ ವಂಶದವರು ಮಾತ್ರ ಹತ್ತಿರ ಬರಲಿ. ಕತ್ತಿ ಈಗ ಜನರ ಕೈಯಿಂದ ಲೇವಿಯರ ಕೈಗೆ ಬಂದಿರುವುದನ್ನು ಗಮನಿಸಿ. ಪೂರ್ವಕಾಲವೃತ್ತಾಂತದಲ್ಲಿ ಅರಸ ಹಿಜ್ಕೀಯನು ನಡೆಸಿದ ಪಸ್ಕಹಬ್ಬದಲ್ಲಿ (ಈಜಿಪ್ಟಿನಿಂದ ಬಿಡುಗಡೆಯಾದುದರ ನೆನಪಿನ ಹಬ್ಬ) ಶುದ್ಧರಾಗದೆ ಬಂದವರಿಗಾಗಿ ಲೇವಿಯರು ವಧಿಸುತ್ತಾರೆ. ಯೋಷೀಯನ ಪಸ್ಕದಲ್ಲಿ ವಧಿಸುವುದೂ ಚರ್ಮ ಸುಲಿಯುವುದೂ ಅವರ ಕೆಲಸವೇ ಆಗಿದೆ. ಜನಸಾಮಾನ್ಯನು ಒಂದೊಂದೇ ಹೆಜ್ಜೆ ವೇದಿಯಿಂದ ಹಿಂದೆ ಸರಿದ ಈ ಕಥೆಯನ್ನು ನಿಮ್ಮಿಂದ ಓದಬೇಕೆಂದು ನನ್ನ ಆಸೆ.

ಬಾಬೆಲಿನ (ಬ್ಯಾಬಿಲೋನಿನ) ಸೆರೆಯಿಂದ ಮರಳಿದವರ ಪಟ್ಟಿ ಎಜ್ರನ ಗ್ರಂಥದ 2ನೆಯ ಅಧ್ಯಾಯದಲ್ಲಿದೆ: ಯಾಜಕರು 4,289, ಲೇವಿಯರು 74, ಗಾಯಕರು 128, ದ್ವಾರಪಾಲಕರ ವಂಶದವರು 139. ಗಾಯಕರನ್ನೂ ದ್ವಾರಪಾಲಕರನ್ನೂ ಇಲ್ಲಿ ಲೇವಿಯರಿಂದ ಬೇರೆಯಾಗಿ ಎಣಿಸಲಾಗಿದೆ. ಪೂರ್ವಕಾಲವೃತ್ತಾಂತ ಬರೆಯುವ ಹೊತ್ತಿಗೆ ಅವರೂ ಲೇವಿಯರೇ ಆಗಿದ್ದಾರೆ. ಕೇವಲ 74 ಮಂದಿ ಲೇವಿಯರು ಮರಳಿದ್ದೇಕೆ ಎಂಬ ಪ್ರಶ್ನೆ ನಿಮ್ಮನ್ನು ಕಾಡಬೇಕಿತ್ತು. ಹಿಂದಿರುಗಿದರೆ ಎರಡನೆಯ ದರ್ಜೆಯ ಕೆಲಸ, ಅದಕ್ಕೂ ಖಚಿತವಾದ ಆದಾಯವಿಲ್ಲ ಎಂಬುದು ಅವರಿಗೆ ತಿಳಿದಿತ್ತೆಂದು ನನ್ನ ಅನಿಸಿಕೆ. ನೆಹೆಮೀಯನ ಗ್ರಂಥದ ಕೊನೆಯ ಅಧ್ಯಾಯದಲ್ಲಿ, ದಶಮಾಂಶ ಬಾರದ ಕಾರಣ ಲೇವಿಯರೂ ಗಾಯಕರೂ ದೇವಾಲಯವನ್ನು ಬಿಟ್ಟು ತಮ್ಮ ತಮ್ಮ ಹೊಲಗಳಿಗೆ ಓಡಿಹೋಗಿದ್ದರೆಂದು ಓದುತ್ತೇವೆ. ಉಳಿದ ಕುಲಗಳಂತೆ ಸ್ವಂತ ನಾಡಭಾಗವಿಲ್ಲದೆ ಜನರ ಹತ್ತನೆಯ ಒಂದು ಪಾಲನ್ನು ನಂಬಿ, ಅದರಲ್ಲೂ ಹತ್ತನೆಯ ಒಂದನ್ನು ಯಾಜಕರಿಗೆ ಕೊಟ್ಟು ಬದುಕಬೇಕಾದವರ ಹಸಿವು ಆ ಒಂದು ವಾಕ್ಯದಲ್ಲಿದೆ.

ಮಹಾಯಾಜಕನ ಭಾಗದಲ್ಲಿ ಎರಡು ತಪ್ಪುಗಳನ್ನು ತಿದ್ದಬೇಕು. ಜನರ ಪಾಪಗಳಿಗಾಗಿ ವರ್ಷಕ್ಕೊಮ್ಮೆ ಆಚರಿಸುವ ದೋಷಪರಿಹಾರಕ ದಿನದಂದು ಅವನು ಹನ್ನೆರಡು ರತ್ನಗಳ ಪದಕ ಧರಿಸಿ, ಅತ್ಯಂತ ಒಳಗಿನ ಕೋಣೆಯಾದ ಮಹಾಪವಿತ್ರಸ್ಥಾನಕ್ಕೆ ಹೋಗುವಂತೆ ವರ್ಣಿಸಿದ್ದೀರಿ. ಯಾಜಕಕಾಂಡದ 16ನೆಯ ಅಧ್ಯಾಯದಂತೆ ಅವನು ಆ ಪ್ರವೇಶಕ್ಕೆ ಸ್ನಾನಮಾಡಿ ಸಾದಾ ನಾರಿನ ಬಟ್ಟೆ ಉಡುತ್ತಾನೆ. ವೈಭವವನ್ನು ಕಳಚಿಟ್ಟು ಒಳಗೆ ಹೋಗುವುದೇ ಹೆಚ್ಚು ಮನಮುಟ್ಟುವ ಚಿತ್ರವಲ್ಲವೇ? ಒಳಗೆ ಸತ್ತರೆ ಎಳೆಯಲು ಕಾಲಿಗೆ ಹಗ್ಗ ಕಟ್ಟುತ್ತಿದ್ದರೆಂಬ ಮಾತು ಬೈಬಲಿನಲ್ಲೂ ಇಲ್ಲ, ಮಿಷ್ನಾದಲ್ಲೂ ಇಲ್ಲ. ಅದು ಮಧ್ಯಯುಗದ ಯೆಹೂದಿ ಅನುಭಾವ ಸಾಹಿತ್ಯದಿಂದ ಬಂದದ್ದು. ಪ್ರಸಂಗಗಳಲ್ಲಿ ನಾವೆಲ್ಲ ಕೇಳಿದ ಕಥೆಯಾದ್ದರಿಂದ ನೀವು ನಂಬಿದ್ದು ಸಹಜ, ಆದರೆ ಅಚ್ಚಾಗುವ ಲೇಖನದಲ್ಲಿ ಅದು ಇರಕೂಡದು.

ಪದಗಳ ಬಗ್ಗೆಯೂ ಹೇಳಬೇಕು. ಪುರೋಹಿತ, ಅರ್ಚಕ, ಪೂಜಾರಿ, ಯಾಜಕ ಎಂಬ ನಾಲ್ಕನ್ನೂ ಒಂದೇ ಅರ್ಥದಲ್ಲಿ ಬಳಸಿದ್ದೀರಿ. ಅರ್ಚಕ ಎಂದ ಕೂಡಲೇ ಕನ್ನಡದ ಓದುಗನಿಗೆ ಗರ್ಭಗುಡಿ, ಅಭಿಷೇಕ, ಮಂಗಳಾರತಿ ನೆನಪಾಗುತ್ತವೆ. ಮೀಯಿಸಿ ಅಲಂಕರಿಸಲು ಜೆರುಸಲೇಮಿನ ದೇವಾಲಯದಲ್ಲಿ ಮೂರ್ತಿಯಿರಲಿಲ್ಲ. ಕನ್ನಡ ಬೈಬಲಿನ 'ಯಾಜಕ' ಎಂಬ ಪದದಲ್ಲಿ ಯಜ್ಞದ ನಂಟು ಉಳಿದಿರುವುದರಿಂದ ಅದನ್ನೇ ಇಟ್ಟುಕೊಳ್ಳಿ. ಈ ಎಚ್ಚರ ಆ ಕಾಲದವರಿಗೂ ಇತ್ತು. ಈಜಿಪ್ಟಿನ ನೈಲ್ ನದಿಯ ಎಲೆಫಂಟೀನ್ ದ್ವೀಪದಲ್ಲಿ ನೆಲೆಸಿದ್ದ ಯೆಹೂದ್ಯರು, ಕ್ರಿ.ಪೂ. 410ರಲ್ಲಿ ಕೆಡವಲಾದ ತಮ್ಮ ದೇವಾಲಯಕ್ಕಾಗಿ ಮೂರು ವರ್ಷಗಳ ನಂತರ ಯೆಹೂದದ ಅಧಿಪತಿಗೆ ಅರಮೇಯಿಕ್ ಭಾಷೆಯಲ್ಲಿ ಬರೆದ ಮನವಿ ಇಂದಿಗೂ ಉಳಿದಿದೆ. ಅದರಲ್ಲಿ ತಮ್ಮ ಯಾಜಕರಿಗೆ 'ಕಾಹೆನ್' ಎಂಬ ಪದವನ್ನೂ ಖ್ನೂಮ್ ದೇವರ ಈಜಿಪ್ಟಿನ ಪೂಜಾರಿಗಳಿಗೆ 'ಕುಮ್ರ' ಎಂಬ ಬೇರೆ ಪದವನ್ನೂ ಬಳಸಿದ್ದಾರೆ. ಇದೇ ಪತ್ರದಿಂದ ಜೆರುಸಲೇಮಿನ ಹೊರಗೂ ಯಾಜಕರಿದ್ದರೆಂಬುದು ತಿಳಿಯುತ್ತದೆ. ನಿಮ್ಮ ಲೇಖನದಲ್ಲಿ ಅದಕ್ಕೂ ಜಾಗ ಬೇಕು.

ಮರಳಿ ಬರೆಯುವಾಗ ಸೀನಾಯಿ ಬೆಟ್ಟದಿಂದ ಆರಂಭಿಸಬೇಡಿ, ನಿಮ್ಮ ಏಳನೆಯ ಪುಟದಿಂದ ಆರಂಭಿಸಿ. ಬೆಳಗ್ಗೆ ಯಾಜಕನು ನಾರಿನ ಬಟ್ಟೆ ಉಟ್ಟು ರಾತ್ರಿಯೆಲ್ಲ ಉರಿದ ಹೋಮದ ಬೂದಿಯನ್ನು ತೆಗೆದು ವೇದಿಯ ಪಕ್ಕದಲ್ಲಿಡುತ್ತಾನೆ, ಬಟ್ಟೆ ಬದಲಿಸಿ ಅದನ್ನು ಪಾಳೆಯದ ಹೊರಗಿನ ಶುದ್ಧಸ್ಥಳಕ್ಕೆ ಒಯ್ಯುತ್ತಾನೆ, ಬೆಂಕಿ ಆರದಂತೆ ಕಟ್ಟಿಗೆ ಹಾಕುತ್ತಾನೆ ಎಂಬುದನ್ನು ನೀವು ಅವಸರವಿಲ್ಲದೆ ಬರೆದಿದ್ದೀರಿ. ಅದಕ್ಕೆ ಮಿಷ್ನಾದ ಒಂದು ಪ್ರಸಂಗವನ್ನು ಸೇರಿಸಬಹುದು: ಎರಡನೆಯ ದೇವಾಲಯದ ದಿನಗಳಲ್ಲಿ ಈ ಬೂದಿ ತೆಗೆಯುವ ಸೇವೆಗಾಗಿ ಯಾಜಕರು ವೇದಿಯ ಇಳಿಜಾರನ್ನು ಓಡಿ ಹತ್ತುತ್ತಿದ್ದರು, ಒಮ್ಮೆ ಒಬ್ಬನು ಇನ್ನೊಬ್ಬನನ್ನು ತಳ್ಳಿ ಕಾಲು ಮುರಿದಾಗ ಚೀಟಿ ಹಾಕುವ ಪದ್ಧತಿ ಬಂದಿತು. ಲೂಕನ ಸುವಾರ್ತೆಯಲ್ಲಿ ಅಬೀಯನ ವರ್ಗದ ಜಕರೀಯನಿಗೆ ಧೂಪ ಹಾಕುವ ಸರದಿ ಬಂದದ್ದೂ ಚೀಟಿಯಿಂದಲೇ ಎಂಬುದು ನಮ್ಮ ಕ್ರೈಸ್ತ ಓದುಗರಿಗೆ ನೆನಪಿರುತ್ತದೆ.

ಹೊಸ ಪ್ರತಿ 2,500 ಪದಗಳನ್ನು ಮೀರದಿರಲಿ. ಅಬ್ರಹಾಮನ ಕಾಲದ ಯಾಜಕನೂ ಅರಸನೂ ಆದ ಮೆಲ್ಕೀಚೆದೇಕನ ಭಾಗವನ್ನು ಪೂರ್ತಿ ತೆಗೆಯಿರಿ, ಅದು ಬೇರೊಂದು ಲೇಖನದ ವಿಷಯ. ಸಂಖ್ಯೆಗಳಿರುವ ವಾಕ್ಯಗಳನ್ನು ಮೂಲದ ಅಧ್ಯಾಯದೊಂದಿಗೆ ಹೋಲಿಸಿ ನೋಡಿದ ಮೇಲೆ ನೇರವಾಗಿ ನನಗೇ ಕಳುಹಿಸಿ. ನಿಮ್ಮ ಹಸ್ತಪ್ರತಿಯನ್ನು ಪುಟಪುಟದ ಟಿಪ್ಪಣಿಗಳೊಂದಿಗೆ ಇದರ ಜೊತೆಯಲ್ಲೇ ಹಿಂದಿರುಗಿಸುತ್ತಿದ್ದೇನೆ.

ವಿಶ್ವಾಸದಿಂದ,
ಸಂಪಾದಕ