ರ‍್ಯಾಮ್ ಮೀನು ತನ್ನ ಮೊಟ್ಟೆಯನ್ನೇ ತಿನ್ನುತ್ತಿದೆ

ಪ್ರಶ್ನೆ: ಬ್ಲೂ ರ‍್ಯಾಮ್ ಮೀನಿನ ಜೋಡಿ ತಂದು 4 ತಿಂಗಳಾಯಿತು. ಎರಡು ಅಡಿ ಟ್ಯಾಂಕ್, ಬೋರ್‌ವೆಲ್ ನೀರು, ಜೊತೆಗೆ 10 ನಿಯಾನ್ ಟೆಟ್ರಾ ಮೀನು ಇವೆ. ಮೂರು ಸಲ ಕಲ್ಲಿನ ಮೇಲೆ ಮೊಟ್ಟೆ ಇಟ್ಟವು. ಮೂರು ಸಲವೂ ಮಾರನೇ ದಿನ ಮೊಟ್ಟೆ ಬೆಳ್ಳಗಾಗಿ, ಕೊನೆಗೆ ಅವೇ ತಿಂದುಬಿಟ್ಟವು. ಮೊಟ್ಟೆಯನ್ನು ಬೇರೆ ಟ್ಯಾಂಕಿಗೆ ಹಾಕಲೇ?
– ಓದುಗರೊಬ್ಬರು, ತುಮಕೂರು

ಉತ್ತರ: ಬೇಡ, ಮೊಟ್ಟೆ ಮುಟ್ಟಬೇಡಿ. ಬೆಳ್ಳಗಾದವು ಅಂತ ನೀವೇ ಬರೆದಿದ್ದೀರಲ್ಲ, ಸುಳಿವು ಅಲ್ಲೇ ಇದೆ. ಅವು ಜೀವ ಕಟ್ಟದ ಮೊಟ್ಟೆಗಳು. ಅವಕ್ಕೆ ಬೂಸ್ಟು ಹಿಡಿದು ಪಕ್ಕದ ಒಳ್ಳೆ ಮೊಟ್ಟೆಗೂ ಹಬ್ಬುತ್ತದೆ, ಅದಕ್ಕೇ ಅಪ್ಪ ಅಮ್ಮ ಅದನ್ನು ತಿಂದು ಜಾಗ ಚೊಕ್ಕ ಮಾಡುತ್ತವೆ. ಪಾಪ, ಅವುಗಳದ್ದು ತಪ್ಪಿಲ್ಲ.

ನನಗೆ ಅನುಮಾನ ನೀರಿನ ಮೇಲೆ. ಈ ಮೀನಿನ ಊರು ವೆನೆಜುವೆಲಾ ಮತ್ತು ಕೊಲಂಬಿಯಾದ ಒರಿನೋಕೊ ನದಿ ಬಯಲು. ಮಳೆಗಾಲದಲ್ಲಿ ಹೊಳೆ ಉಕ್ಕಿ ಹುಲ್ಲುಗಾವಲೆಲ್ಲ ಮುಳುಗುತ್ತದೆ, ಬಿಸಿಲಿಗೆ ಕಾದ, ಆಳವಿಲ್ಲದ ಆ ನೀರು ತುಂಬಾ ಮೆದು, ಅಂದರೆ ಅದರಲ್ಲಿ ಸುಣ್ಣದಂಥ ಲವಣ ತೀರಾ ಕಮ್ಮಿ. (1948ರಲ್ಲಿ ವಿಜ್ಞಾನಿಗಳು ಇದಕ್ಕೆ, ಮೊದಲು ಹಿಡಿದು ತಂದವರಲ್ಲಿ ಒಬ್ಬರಾದ ಮ್ಯಾನುಯೆಲ್ ರಾಮಿರೆಜ್ ಅವರ ಹೆಸರಿಟ್ಟರು. ರ‍್ಯಾಮ್ ಅನ್ನುವುದು ಅದರ ಮೊಟಕು, ಟಗರಿಗೂ ಇದಕ್ಕೂ ಸಂಬಂಧ ಇಲ್ಲ.) ನಮ್ಮ ಬೋರ್‌ವೆಲ್ ನೀರು ಕಾಯಿಸಿದರೆ ಪಾತ್ರೆ ತಳದಲ್ಲಿ ಬಿಳಿ ಪದರ ಕೂರುತ್ತದೆ ಅಲ್ವಾ? ಅಂಥ ಗಡಸು ನೀರಲ್ಲಿ ದೊಡ್ಡ ಮೀನು ಹೇಗೋ ಬದುಕುತ್ತದೆ, ಮೊಟ್ಟೆ ಜೀವ ಕಟ್ಟುವುದು ಕಷ್ಟ. ಆರ್‌ಒ ನೀರೋ ಶುದ್ಧವಾಗಿ ಹಿಡಿದ ಮಳೆನೀರೋ ವಾರವಾರ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಹೋಗಿ, ಒಂದೇ ದಿನ ಬದಲಿಸಬೇಡಿ. ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ) 6ರ ಆಸುಪಾಸು ಬರಲಿ. ಹೀಟರ್ 28 ಡಿಗ್ರಿಗೆ ಇಡಿ.

ಆ ಬಿಸಿ ನಿಯಾನ್‌ಗಳಿಗೆ ಜಾಸ್ತಿಯಾಯಿತು, ಸಿಕ್ಕರೆ ಅವು ಮೊಟ್ಟೆಯನ್ನೂ ಬಿಡುವುದಿಲ್ಲ. ಬೇರೆ ಟ್ಯಾಂಕಿಗೆ ಹೋಗಬೇಕಾದದ್ದು ಅವೇ.

ಇನ್ನೊಂದು, ಅದು ನಿಜವಾಗಿ ಜೋಡಿಯೇ? ಎರಡು ಹೆಣ್ಣು ಸೇರಿದರೂ ಮೊಟ್ಟೆ ಇಡುತ್ತವೆ, ಬರೀ ಬಿಳಿ ಮೊಟ್ಟೆ. ಪಕ್ಕದಿಂದ ನೋಡಿ. ಹೆಣ್ಣಿನ ಹೊಟ್ಟೆ ಗುಲಾಬಿ, ಮೈ ನಡುವಿನ ಕಪ್ಪು ಚುಕ್ಕೆಯೊಳಗೆ ನೀಲಿ ಹೊಳಪು. ಗಂಡಿಗೆ ಸಾಮಾನ್ಯವಾಗಿ ಆ ಚುಕ್ಕೆ ಪೂರ್ತಿ ಕಪ್ಪು.

ತಡ ಮಾಡಬೇಡಿ, ಇವು ಬದುಕುವುದೇ 2-3 ವರ್ಷ. ನೀರು ಹಿಡಿಸಿದರೆ ಎರಡು ಮೂರು ದಿನಕ್ಕೆ ಮೊಟ್ಟೆ ಒಡೆದು ಮರಿ ಬರುತ್ತವೆ. ಆಗ ಅಮ್ಮ ಅಪ್ಪ ಮರಿಗಳನ್ನು ಬಾಯಲ್ಲಿ ಎತ್ತಿ ಮರಳಲ್ಲಿ ತೋಡಿದ ಗುಂಡಿಗೆ ಉಗುಳುತ್ತವೆ. ತಿನ್ನುತ್ತಿವೆ ಅಂತ ಗಾಬರಿಯಾಗಿ ಬಲೆ ಹಾಕಬೇಡಿ, ಸುಮ್ನೆ ದೂರ ಕೂತು ನೋಡಿ.